ಹಡಗಿಗೂ ಸ್ಪೆಷಲ್ ಟ್ರಿಪ್

ಕಳೆದ ಬಾರಿ ಪತ್ರೊಡೆಯ ವಿಷಯ ಬರೆದ ಮೇಲೆ ಇಬ್ಬರು ಮೂವರು ಸೋದರಿಯರು, "ಅಡಿಗೆ ಇರಲಿ, ನೀವು ಪ್ರವಾಸ ಹೋಗಿ ಬಂದ ಅನುಭವ ಇದ್ದರೆ ಬರೆಯಿರಿ" ಎಂದು ಕೇಳಿದ್ದಾರೆ. ಹೋಗಿ ಬಂದದ್ದನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೋಗಲಾಗದೆ ಉಳಿದ ಪ್ರವಾಸವೊಂದರ ಕಥೆ ಹೇಳುತ್ತೇನೆ. ದುಡ್ಡು ಕೊಟ್ಟು, ರೈಲಿನ ಟಿಕೆಟು ಮಾಡಿಸಿ, ಸೀರೆಗೆ ಫಾಲ್ ಹೊಲಿಸಿ, ಕೊನೆಗೆ ಮನೆಯಲ್ಲೇ ಕುಳಿತ ಕಥೆ.

ನಾವು ಮೂವರು ಅಕ್ಕತಂಗಿಯರು. ಅಕ್ಕ ಬೆಳ್ತಂಗಡಿಯಲ್ಲಿ, ನಾನು ಬಂಟ್ವಾಳದಲ್ಲಿ, ತಂಗಿ ಮೂಡುಬಿದಿರೆಯಲ್ಲಿ. ಮೂರೂ ಊರು ಒಂದೇ ಜಿಲ್ಲೆಯಲ್ಲಿದ್ದರೂ ನಾವು ಮೂವರು ಒಟ್ಟು ಸೇರುವುದು ಮದುವೆಗೋ ಬೊಜ್ಜಕ್ಕೋ ಮಾತ್ರ. ಅಲ್ಲಿಯೂ ಒಬ್ಬಳಿಗೆ ಬಡಿಸುವ ಕೆಲಸ, ಒಬ್ಬಳಿಗೆ ಬಸ್ಸಿನ ಹೊತ್ತು. 2023ರ ಚೌತಿಯ ಸಮಯದಲ್ಲಿ ತಂಗಿಯೇ ಮೊದಲು ಮಾತು ತೆಗೆದದ್ದು: "ಅಮ್ಮನಿಗೆ ಎಪ್ಪತ್ತನಾಲ್ಕು ಆಯಿತು. ಹಡಗು ಹಡಗು ಅಂತ ಎಷ್ಟು ವರ್ಷದಿಂದ ಹೇಳ್ತಾರೆ. ನಾವು ಮೂವರೇ ಕರಕೊಂಡು ಹೋಗುವಾ. ಗಂಡಸರು ಬೇಡ."

ಅಮ್ಮನಿಗೆ ಹಡಗಿನ ಹುಚ್ಚು ಹಿಡಿಸಿದ್ದು ನಮ್ಮ ಅಜ್ಜ. ಅವರು ಎಳೆಯ ಹುಡುಗನಾಗಿ ಬೊಂಬಾಯಿಯ ಹೋಟೆಲಿಗೆ ಲೋಟ ತೊಳೆಯಲು ಹೋದದ್ದು ಸ್ಟೀಮರಿನಲ್ಲಿ. ಆಗ ಕೊಂಕಣ ರೈಲು ಎಲ್ಲಿತ್ತು? ಅದು ಪೂರ್ತಿ ಓಡಲು ಶುರುವಾದದ್ದೇ 1998ರಲ್ಲಿ. ಪಣಂಬೂರಿನ ಬಂದರು ದೊಡ್ಡ ಬಂದರೆಂದು ಘೋಷಣೆಯಾದದ್ದು 1974ರಲ್ಲಿ. ಅದಕ್ಕೆ ಮೊದಲು ಮಂಗಳೂರಿನ ಬಂದರು ಎಂದರೆ ನೇತ್ರಾವತಿಯೂ ಗುರುಪುರ ಹೊಳೆಯೂ ಕಡಲು ಸೇರುವಲ್ಲಿರುವ ಹಳೆ ಬಂದರು. ಅಲ್ಲಿ ನೀರು ಆಳವಿಲ್ಲ. ಸ್ಟೀಮರು ಹೊರಗೆ ಕಡಲಲ್ಲೇ ಲಂಗರು ಹಾಕಿ ನಿಲ್ಲುವುದು. ಜನ ದೋಣಿಯಲ್ಲಿ ಹೋಗಿ ಏಣಿ ಹತ್ತುವುದು. ದೋಣಿ ಮೇಲೆ ಬಂದ ಕ್ಷಣವೇ ಏಣಿ ಹಿಡಿಯಬೇಕು, ಇಲ್ಲದಿದ್ದರೆ ಕೈಗೆ ಗಾಳಿ ಎಂದು ಅಜ್ಜ ಹೇಳುತ್ತಿದ್ದರಂತೆ. ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದರೆ ತಲೆ ಮೇಲೆ ನಕ್ಷತ್ರ, ಬೆನ್ನಿನ ಅಡಿಯಲ್ಲಿ ಯಂತ್ರದ ಸದ್ದು. ಈ ಕಥೆ ಕೇಳಿ ಬೆಳೆದ ಅಮ್ಮ ಒಂದು ದಿನವೂ ಹಡಗು ಹತ್ತಿದವರಲ್ಲ. ಹೊಳೆ ದಾಟುವ ದೋಣಿಯೇ ಅವರ ಹಡಗು.

ಮುಂಬೈಯಿಂದ ಹೊರಟು ಎರಡು ರಾತ್ರಿ ಕಡಲಲ್ಲಿ ಇದ್ದು ತಿರುಗಿ ಬರುವ ಪ್ರವಾಸಿ ಹಡಗು ಒಂದುಂಟು ಎಂದು ಏಜೆಂಟರೊಬ್ಬರು ಹೇಳಿದರು. ತಲೆಗೆ 22 ಸಾವಿರ. ನಾಲ್ಕು ಜನಕ್ಕೆ 88 ಸಾವಿರ. ಅಮ್ಮನ ಪಾಲನ್ನು ಮೂವರೂ ಹಂಚಿಕೊಳ್ಳುವುದೆಂದು ಆಯಿತು. ಅಕ್ಕನಿಗೆ ಅಡಿಕೆಯ ದುಡ್ಡು ಉಂಟು. ನಾನು ಚಿಟ್ ಫಂಡಿನಲ್ಲಿ ಕೂಡಿಟ್ಟದ್ದನ್ನು ಎತ್ತಿದೆ. ತಂಗಿ ಮಾತ್ರ ನಮಗೆ ಹೇಳದೆ ಸಂಘದಿಂದ 25 ಸಾವಿರ ಸಾಲ ತೆಗೆದಿದ್ದಳು, ವಾರ ವಾರ ಕಟ್ಟುವ ಕಂತಿನ ಮೇಲೆ. ಇದು ನಮಗೆ ಗೊತ್ತಾದದ್ದು ಆಮೇಲೆ.

2024ರ ಜನವರಿ ಎರಡನೇ ವಾರಕ್ಕೆ ತಾರೀಕು. ಮತ್ಸ್ಯಗಂಧಾ ರೈಲಿಗೆ ಹೋಗಿ ಬರುವ ಸ್ಲೀಪರ್ ಟಿಕೆಟು. ಅಮ್ಮ ಮಂಡಿನೋವಿನ ಔಷಧಿಗೆಂದು ಆಗ ನಮ್ಮಲ್ಲೇ ಇದ್ದರು. ಹಡಗಿನಲ್ಲಿ ಮೆಟ್ಟಿಲು ಇರುತ್ತದೆಯೆಂದು ಮಗ ಹೇಳಿದ್ದೇ ತಡ, ಮರುದಿನದಿಂದ ಅಮ್ಮ ಬೆಳಿಗ್ಗೆ ಕಾಫಿ ಕುಡಿದು ನಮ್ಮ ತಾರಸಿಯ ಹದಿನಾಲ್ಕು ಮೆಟ್ಟಿಲು ಹತ್ತಿ ಇಳಿಯಲು ಶುರು ಮಾಡಿದರು. ಮೊದಲ ವಾರ ಒಂದು ಸಲ, ಮತ್ತೆ ಎರಡು ಸಲ. ಒಂದು ಕೈ ಗೋಡೆಗೆ, ಒಂದು ಕೈ ಮಂಡಿಗೆ. ಇಳಿದ ಮೇಲೆ ಎಣ್ಣೆ ತಿಕ್ಕಿಕೊಂಡು ಕುಳಿತು, "ಇವತ್ತು ನೋವು ಕಡಿಮೆ ಉಂಟು" ಎಂದು ಸುಳ್ಳು ಹೇಳುವುದು.

ಡಿಸೆಂಬರ್ ಮೊದಲ ವಾರ ಮಗನ ಮೊಬೈಲಿಗೆ ಸಂದೇಶ ಬಂತು. ಹಡಗು ಖಾಸಗಿಯವರಿಗೆ 'ಚಾರ್ಟರ್' ಆಗಿರುವುದರಿಂದ ಆ ತಾರೀಕಿನ ಪ್ರಯಾಣ ರದ್ದು.

"ಚಾರ್ಟರ್ ಅಂದರೆ ಎಂತದು?" ಎಂದು ಕೇಳಿದೆ.

"ಇಡೀ ಹಡಗನ್ನೇ ಯಾರೋ ಬಾಡಿಗೆಗೆ ಹಿಡಿದಿದ್ದಾರೆ ಅಮ್ಮ."

ನಮ್ಮವರು ಪೇಪರು ಓದುತ್ತಿದ್ದವರು ತಲೆಯೆತ್ತಿದರು. "ಹಡಗನ್ನು ಬಾಡಿಗೆಗೆ ಹಿಡಿಯುವುದಾ? ಅದೇನು ಜೀಪಾ?"

ಏಜೆಂಟರಿಗೆ ಫೋನು ಮಾಡಿದರೆ, ಯಾವುದೋ ಕಂಪೆನಿಯವರು ತಮ್ಮ ಡೀಲರುಗಳ ಸಮಾವೇಶಕ್ಕೆಂದು ಪೂರ್ತಿ ಹಡಗನ್ನು ತೆಗೆದುಕೊಂಡಿದ್ದಾರೆ ಎಂದರು. ಬೇಕಾದರೆ ಬೇರೆ ತಾರೀಕು ಕೊಡುತ್ತಾರಂತೆ. ನಮಗೆ ಆಗುವಂಥದ್ದು ಇನ್ನು ಮುಂದಿನ ವರ್ಷವೇ.

ಮುಂದಿನ ವರ್ಷ! ಕೇಳುವುದಕ್ಕೆ ಸುಲಭದ ಮಾತು. ಇಪ್ಪತ್ತೈದು ವರ್ಷದವರಿಗೆ ಒಂದು ವರ್ಷ ಎಂದರೆ ಕ್ಯಾಲೆಂಡರು ಬದಲಾಗುವುದು, ಅಷ್ಟೆ. ದಿನಕ್ಕೆ ಎರಡು ಸಲ ಹದಿನಾಲ್ಕು ಮೆಟ್ಟಿಲು ಹತ್ತುವ ಎಪ್ಪತ್ತನಾಲ್ಕರ ಹೆಂಗಸಿಗೆ ಅದು ಬೇರೆಯೇ ಲೆಕ್ಕ. ಟಿಕೆಟಿನ ದುಡ್ಡನ್ನು ಕೊಟ್ಟವರಿಗೆ ತಿರುಗಿಸಬಹುದು. ಈ ವರ್ಷದ ಮಂಡಿಯನ್ನು ಮುಂದಿನ ವರ್ಷಕ್ಕೆ ಎತ್ತಿಡಲು ಆಗುತ್ತದೆಯೇ?

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಅಮ್ಮನಿಗೆ ಹೇಳಲಿಲ್ಲ. ಅಕ್ಕ, "ಬೇಡ, ಬಿ.ಪಿ. ಏರುತ್ತದೆ, ನಿಧಾನ ಹೇಳುವಾ" ಎಂದಳು. ತಂಗಿ ಫೋನಿನಲ್ಲಿ ಅತ್ತಳು. ಸಾಲದ ವಿಷಯ ಹೊರಗೆ ಬಂದದ್ದು ಆಗಲೇ. ಅಕ್ಕ, "ಸಾಲ ಮಾಡಿ ಹಡಗು ಹತ್ತಲು ನಿನಗೆ ಯಾರು ಹೇಳಿದ್ದು?" ಎಂದು ಬೈದಳು. ನಾನು ನಡುವೆ ಬಾಯಿ ಹಾಕಿದ್ದಕ್ಕೆ ನನಗೂ ಬಿತ್ತು. ಯಾವನೋ ಕಂಪೆನಿಯವನು ಹಡಗು ಹಿಡಿದ. ನಾವು ಮೂವರು ಒಬ್ಬರ ಮುಖ ಒಬ್ಬರು ನೋಡದ ಹಾಗಾಯಿತು. ನೀವೂ ಗಮನಿಸಿರಬಹುದು, ದೂರದವರು ಮಾಡಿದ ಅನ್ಯಾಯದ ಸಿಟ್ಟನ್ನು ನಾವು ತೀರಿಸುವುದು ಹತ್ತಿರದವರ ಮೇಲೆಯೇ.

ಒಂಬತ್ತು ದಿನ ಹೀಗೆ ಹೋಯಿತು. ಒಂಬತ್ತೂ ದಿನ ಅಮ್ಮ ಮೆಟ್ಟಿಲು ಹತ್ತಿದರು. ಹತ್ತನೇ ದಿನ ಅರ್ಧದಲ್ಲಿ ನಿಂತು ಉಸಿರು ಬಿಡುತ್ತಿದ್ದುದನ್ನು ಅಡಿಗೆಮನೆಯ ಕಿಟಕಿಯಿಂದ ನೋಡಿದೆ. ಒಲೆ ಆರಿಸಿ ಹೋಗಿ ಕೈ ಹಿಡಿದು ಇಳಿಸಿ, ಅಲ್ಲೇ ಕೆಳಗಿನ ಮೆಟ್ಟಿಲಿನಲ್ಲಿ ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎಷ್ಟು ದಿನ ಆಯಿತು ಗೊತ್ತಾಗಿ?" ಎಂದು ಕೇಳಿದರು. ಒಂಬತ್ತು ದಿನ ಎಂದೆ. "ಮೊದಲೇ ಹೇಳಿದ್ದರೆ ಒಂಬತ್ತು ದಿನದ ಎಣ್ಣೆ ಉಳಿಯುತ್ತಿತ್ತು ಮಾರಾಯ್ತಿ" ಎಂದರು. ನಗುವುದೋ ಅಳುವುದೋ ತಿಳಿಯಲಿಲ್ಲ. ಮತ್ತೆ ಅವರೇ ಹೇಳಿದರು: "ಬಸ್ಸು ದಿಬ್ಬಣಕ್ಕೆ ಹೋದ ಹಾಗೆ ಆಯಿತಲ್ಲ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಯಲುಸೀಮೆಯ ಸೋದರಿಯರಿಗಾಗಿ ಒಂದು ಮಾತು. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದಾಗಲೂ ನಮ್ಮಲ್ಲಿ ಅನೇಕರು ಚೀಲದಿಂದ ದುಡ್ಡು ತೆಗೆಯುತ್ತಲೇ ಇದ್ದೆವು; ಸರ್ಕಾರಿ ಬಸ್ಸು ಬರುವ ರಸ್ತೆ ಬೇಕಲ್ಲ! ಇಂಥ ಊರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು. ಮದುವೆಯ ಸೀಸನ್ನಿನಲ್ಲಿ ಅದೇ ಬಸ್ಸಿನ ಗಾಜಿಗೆ 'ಸ್ಪೆಷಲ್ ಟ್ರಿಪ್' ಎಂದು ಬೋರ್ಡು ಬೀಳುತ್ತದೆ, ಮುಂದೆ ಬಾಳೆಕಂದು, ಒಳಗೆ ದಿಬ್ಬಣ. ಆ ದಿನ ಸ್ಟಾಪಿನಲ್ಲಿ ಕಾದವರ ಎದುರಿನಿಂದಲೇ ಅದು ನಿಲ್ಲದೆ ಹೋಗುತ್ತದೆ. ರೂಟಿನ ಬಸ್ಸನ್ನು ಹೀಗೆ ಬಾಡಿಗೆಗೆ ಓಡಿಸಲು ಆರ್.ಟಿ.ಒ.ದವರ ಸ್ಪೆಷಲ್ ಪರ್ಮಿಟ್ ಬೇಕೆಂದು ಕಾನೂನು ಉಂಟು. ಆ ಕಾಗದ ಬಸ್ಸಿಗೆ. ಸ್ಟಾಪಿನಲ್ಲಿ ಕಾಯುವವರಿಗೆ ಯಾರೂ ಕಾಗದ ಬರೆಯುವುದಿಲ್ಲ. ಚುನಾವಣೆ ಬಂದರೂ ಬಸ್ಸು ಮಾಯ. ಆದರೆ ಅದನ್ನು ಪೇಪರಿನಲ್ಲಿ ಮೊದಲೇ ಹಾಕುತ್ತಾರೆ.

ಅಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಿನ್ನ ಮದುವೆಗೆ ಅಪ್ಪ ಬಸ್ಸು ಮಾಡಿದ್ದರಲ್ಲ, ನೆನಪುಂಟಾ?"

ನೆನಪಿಲ್ಲದೆ ಏನು! 1999ರ ಮೇ ತಿಂಗಳು. ಬೆಳ್ತಂಗಡಿಯಿಂದ ಒಳಗೆ ನಮ್ಮ ತವರು. ಮದುವೆ ಬಂಟ್ವಾಳದ ಕಡೆ. ಊರಿಗಿದ್ದ ಆ ಒಂದೇ ಬಸ್ಸನ್ನು ಅಪ್ಪ ದಿಬ್ಬಣಕ್ಕೆ ಹಿಡಿದಿದ್ದರು. ಕಿಟಕಿ ಬದಿಯಲ್ಲಿ ನಾನು, ತಲೆ ತುಂಬ ಮಲ್ಲಿಗೆ. ಸ್ಟಾಪಿನಲ್ಲಿ ನಿಂತವರು ಮದುಮಗಳನ್ನು ನೋಡಲು ಬಂದವರೆಂದೇ ನಾನು ತಿಳಿದಿದ್ದೆ. ಕೈ ಬೀಸಿದೆ ಸಹ.

"ಅವತ್ತು ಕೆಳಗಿನ ಮನೆಯ ಹೆಂಗಸು ಬೀಡಿಯ ಕಟ್ಟು ಹಿಡಕೊಂಡು ಅಲ್ಲಿ ನಿಂತಿದ್ದಳು" ಎಂದರು ಅಮ್ಮ. "ಬಸ್ಸು ನಿಲ್ಲಲಿಲ್ಲ. ನಾಲ್ಕು ಮೈಲು ನಡೆದು ಬ್ರಾಂಚಿಗೆ ಮುಟ್ಟುವಾಗ ಬಾಗಿಲು ಹಾಕಿ ಆಗಿತ್ತಂತೆ."

ಬೀಡಿ ಕಟ್ಟುವ ಮನೆಗಳನ್ನು ಬಲ್ಲವರಿಗೆ ಇದರ ಅರ್ಥ ಗೊತ್ತು. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಟ್ಟರೆ ಮಾತ್ರ ಮುಂದಿನ ಬೀಡಿಗೆ ಎಲೆ, ಹೊಗೆಸೊಪ್ಪು ಸಿಗುವುದು. ಅಂದು ಕೊಡಲು ಆಗದಿದ್ದರೆ ಅಂದಿನ ದುಡ್ಡೂ ಇಲ್ಲ, ನಾಳೆಯ ಕೆಲಸವೂ ಇಲ್ಲ. ಅಮ್ಮನಿಗೆ ಇದು ತಿಳಿದದ್ದು ಮದುವೆಯ ಗಲಾಟೆ ಎಲ್ಲ ಮುಗಿದ ಮೇಲೆ. ಎರಡು ಸೇರು ಅಕ್ಕಿ, ಉಳಿದಿದ್ದ ಲಾಡು ಕೊಟ್ಟು ಬಂದರಂತೆ. "ಅವಳು ತಕ್ಕೊಂಡಳು. ಎಂತ ಸಹ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು." ಇಪ್ಪತ್ತನಾಲ್ಕು ವರ್ಷ ಅಮ್ಮ ಇದನ್ನು ನನಗೆ ಹೇಳಿರಲಿಲ್ಲ. ಮಗಳ ಮದುವೆಯ ನೆನಪಿಗೆ ಕಲೆ ಯಾಕೆ ಎಂದಿರಬೇಕು.

ಆ ದಿನದಿಂದ ನನ್ನ ಸಿಟ್ಟಿನ ಕಾವು ಇಳಿಯಿತು ಎಂದರೆ ಸುಳ್ಳಾಗುತ್ತದೆ. ಇಳಿಯಲಿಲ್ಲ. ಆದರೆ ಯಾರಿಗೆ ಸಿಟ್ಟು ಮಾಡುವುದೆಂದು ಗೊತ್ತಾಗಲಿಲ್ಲ. ಆ ಡೀಲರುಗಳ ಹೆಂಡತಿಯರು ಹಡಗಿನ ಕಟಕಟೆ ಹಿಡಿದು ಯಾರಿಗೋ ಕೈ ಬೀಸುತ್ತಿದ್ದಿರಬಹುದು, ನನ್ನ ಹಾಗೆ.

ನೆರೆಮನೆಯ ಬಾಯಿಯವರ ಮಗ ವಿದೇಶಿ ಪ್ರವಾಸಿ ಹಡಗಿನಲ್ಲಿ ಅಡುಗೆಯವನು. ನಮ್ಮ ಜಿಲ್ಲೆಯ ಎಷ್ಟೋ ಹುಡುಗರು ಈ 'ಶಿಪ್ಪಿನ ಕೆಲಸ'ದಲ್ಲಿ ಇದ್ದಾರೆ. ಕ್ರಿಸ್ಮಸ್ಸಿಗೆ ಬಂದವನನ್ನು ಹಿಡಿದು ಕೇಳಿದೆ. ಇದು ಹೊಸತಲ್ಲ ಆಂಟಿ ಎಂದ. ಒಬ್ಬೊಬ್ಬರಿಗೆ ಒಂದೊಂದು ಕೋಣೆ ಮಾರುವ ಬದಲು ಒಬ್ಬನೇ ಎಲ್ಲ ಕೋಣೆಯನ್ನು ಹಿಡಿದರೆ ಖಾಲಿ ಉಳಿಯುವ ಭಯವಿಲ್ಲ. ಅದಕ್ಕೇ ಕಂಪೆನಿಗೆ ಇಷ್ಟ. ಸಾಮಾನ್ಯವಾಗಿ ವರ್ಷದ ಮೊದಲೇ ಮಾತಾಗುತ್ತದೆ, ಆ ತಾರೀಕನ್ನು ಜನರಿಗೆ ಮಾರುವುದೇ ಇಲ್ಲ. ತಡವಾಗಿ ಮಾತಾದರೆ ಮೊದಲು ಟಿಕೆಟು ಮಾಡಿದವರು ಹೊರಗೆ. 2022ರಲ್ಲಿ ಕತಾರಿನಲ್ಲಿ ಫುಟ್ಬಾಲ್ ವಿಶ್ವಕಪ್ ಆದಾಗ ದೋಹಾದ ಬಂದರಿನಲ್ಲಿ ಪ್ರವಾಸಿ ಹಡಗುಗಳೇ ಹೋಟೆಲುಗಳಾಗಿ ನಿಂತಿದ್ದವಂತೆ. 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂದು ನ್ಯೂ ಆರ್ಲಿಯನ್ಸ್ ಮುಳುಗಿದಾಗ ಅಲ್ಲಿಯ ಸರ್ಕಾರ ಕಾರ್ನಿವಲ್ ಕಂಪೆನಿಯ ಮೂರು ಹಡಗುಗಳನ್ನು ಆರು ತಿಂಗಳಿಗೆ ಬಾಡಿಗೆಗೆ ಹಿಡಿದು, ಮನೆ ಇಲ್ಲದಾದವರಿಗೂ ಪರಿಹಾರದ ಕೆಲಸದವರಿಗೂ ಕೊಟ್ಟಿತ್ತು. ಆಗಲೂ ಸಾವಿರಾರು ಜನರ ಪ್ರವಾಸ ತಪ್ಪಿತು.

"ಮನೆ ಹೋದವರಿಗೆ ಅಂದಿದ್ದರೆ ನಾನೇ ನನ್ನ ಕೋಣೆ ಬಿಟ್ಟುಕೊಡ್ತಿದ್ದೆ" ಎಂದರು ಅಮ್ಮ, ಒಳಗಿನಿಂದ. ಅವರಿಗೆ ಕಿವಿ ಮಂದ ಎಂದು ನಾವು ತಿಳಿದಿದ್ದೆವು!

ಇನ್ನು ದುಡ್ಡಿನ ವಿಷಯ. ಇದನ್ನು ಗಮನವಿಟ್ಟು ಓದಿ, ಯಾಕೆಂದರೆ ನಾಚಿಕೆಪಟ್ಟು ಸುಮ್ಮನಿದ್ದರೆ ಕಳಕೊಳ್ಳುವವರು ನಾವೇ. ಏಜೆಂಟರು ಮೊದಲು, ರದ್ದತಿಯ ಖರ್ಚೆಂದು ಶೇಕಡಾ ಹತ್ತು ಕಳೆಯುತ್ತೇವೆ, ಉಳಿದದ್ದಕ್ಕೆ ಮುಂದಿನ ಪ್ರವಾಸದ ಚೀಟಿ ಕೊಡುತ್ತೇವೆ ಎಂದರು. ನಮ್ಮವರ ಪರಿಚಯದ ವಕೀಲರು ಕೇಳಿ ನಕ್ಕರು. "ರದ್ದು ಮಾಡಿದ್ದು ನೀವಾ, ಅವರಾ?" ಎಂದು ಒಂದೇ ಪ್ರಶ್ನೆ. ಅದೇ ಪ್ರಶ್ನೆಯನ್ನು ಕಾಗದದಲ್ಲಿ ಬರೆದು, ಸಂದೇಶದ ಪ್ರತಿಯನ್ನೂ ರಸೀದಿಯ ಪ್ರತಿಯನ್ನೂ ಲಗತ್ತಿಸಿ ಕಳಿಸಿದೆವು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಫೋನು ಮಾಡಿದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಮುಂಬೈಗೆ ಓಡಬೇಕಿಲ್ಲ ಎಂದು ವಕೀಲರು ಹೇಳಿದ್ದನ್ನೂ ಕಾಗದದಲ್ಲಿ ಸೇರಿಸಿದ್ದೆವು. ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಫೆಬ್ರವರಿ ಮೊದಲ ವಾರ ಟಿಕೆಟಿನ ದುಡ್ಡು ಪೂರ್ತಿ ಬಂತು. ರೈಲಿನ ಟಿಕೆಟನ್ನು ನಾವೇ ಮೊದಲೇ ರದ್ದು ಮಾಡಿದ್ದರಿಂದ ಸ್ಲೀಪರಿಗೆ ಟಿಕೆಟೊಂದಕ್ಕೆ 120 ರೂಪಾಯಿ, ಎಂಟು ಟಿಕೆಟಿಗೆ 960 ಹೋಯಿತು. ಅದನ್ನು ಯಾರೂ ಕೊಡಲಿಲ್ಲ. ತಂಗಿಯ ಎರಡು ತಿಂಗಳ ಬಡ್ಡಿಯನ್ನೂ ಯಾರೂ ಕೊಡುವುದಿಲ್ಲ. ಅದನ್ನು ಅಕ್ಕನೂ ನಾನೂ ಹಾಕಿಕೊಂಡೆವು. ದುಡ್ಡು ಬಂದ ದಿನ ಮೊದಲು ಅವಳ ಸಾಲ ತೀರಿಸಿ ಆಮೇಲೆ ನಮ್ಮದು. ಬೈದ ಅಕ್ಕನೇ ಹಾಗೆ ಹೇಳಿದ್ದು, ಇದನ್ನೂ ಬರೆಯಬೇಕು. ಇಂಥದಕ್ಕೆ ದುಡ್ಡು ಕಟ್ಟುವ ಮೊದಲು, "ಹಡಗನ್ನು ಬೇರೆಯವರು ಹಿಡಿದರೆ ನಮ್ಮ ಗತಿ ಏನು?" ಎಂದು ಬಾಯಿಬಿಟ್ಟು ಕೇಳಿ. ಟಿಕೆಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರ ಇರುತ್ತದಲ್ಲ, ಅದರಲ್ಲಿ ಬರೆದಿರುತ್ತದೆ. ಓದುವ ಮಕ್ಕಳಿಂದ ಓದಿಸಿ.

ಹೋಗಬೇಕಾಗಿದ್ದ ಆ ತಾರೀಕು ಬಂತು. ಆ ದಿನ ಮನೆಯಲ್ಲಿ ಕುಳಿತರೆ ಮನಸ್ಸು ಕೆಡುತ್ತದೆಂದು ಹಿಂದಿನ ದಿನವೇ ಮೂವರೂ ಮೂಡುಬಿದಿರೆಯಲ್ಲಿ ತಂಗಿಯ ಮನೆಯಲ್ಲಿ ಸೇರಿದೆವು. ಅಮ್ಮ ಹೋದವರೇ ಅಕ್ಕಿ ಹಿಟ್ಟು, ಹುರಿದ ಉದ್ದಿನ ಹಿಟ್ಟು ಕೇಳಿದರು. ಹಡಗಿಗೆ ಚಕ್ಕುಲಿ ಮಾಡುತ್ತೇನೆಂದು ಚೌತಿಯಿಂದ ಹೇಳುತ್ತಿದ್ದರು. ಹಡಗು ಇಲ್ಲದಿದ್ದರೂ ಚಕ್ಕುಲಿ ಆಗಲೇಬೇಕಂತೆ. ರಾತ್ರಿ ಹತ್ತರವರೆಗೆ ಒತ್ತಿದೆವು, ಕರಿದೆವು. ಮೂವರೂ ಒಂದೇ ಒಲೆಯ ಮುಂದೆ ಕುಳಿತು ಹಾಗೆ ನಗಾಡದೆ ಎಷ್ಟು ವರ್ಷವಾಗಿತ್ತೋ.

ಬೆಳಿಗ್ಗೆ ಸಾವಿರ ಕಂಬದ ಬಸದಿಗೆ ಹೋದೆವು. ತಂಗಿಯ ಮನೆಯಿಂದ ಹತ್ತಿರ. ಅಲ್ಲಿ ನೋಡಿದರೆ ಅಂಗಳದ ತುಂಬ ಬಿಳಿಯರು! ಪಣಂಬೂರಿಗೆ ವಿದೇಶಿ ಪ್ರವಾಸಿ ಹಡಗು ಬಂದರೆ ಅದರಲ್ಲಿದ್ದವರನ್ನು ಬಸ್ಸಿನಲ್ಲಿ ಮೂಡುಬಿದಿರೆಗೆ ಕರೆತಂದು ಬಸದಿ ತೋರಿಸುವುದು ರೂಢಿ ಎಂದು ತಂಗಿ ಹೇಳಿದಳು. ಅವರು ಬಂದ ಬಸ್ಸುಗಳ ಗಾಜಿನಲ್ಲಿ ಎಂತ ಬೋರ್ಡು ಇತ್ತೋ ನಾನು ನೋಡಲಿಲ್ಲ. ಗೈಡು ಅವರಿಗೆ ಅಡಿಪಾಯದ ಕಲ್ಲಿನಲ್ಲಿ ಕೊರೆದ ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ತೋರಿಸುತ್ತಿದ್ದರು. ಈ ಬಸದಿ 1430ರದ್ದು. ಜಿರಾಫೆ ನಮ್ಮ ದೇಶದ ಪ್ರಾಣಿಯಲ್ಲ. ಕಡಲಿನ ವ್ಯಾಪಾರದಿಂದಲೇ ಅದರ ಸುದ್ದಿ ಇಲ್ಲಿಗೆ ಬಂದಿರಬೇಕು ಎನ್ನುತ್ತಾರೆ. ಎಷ್ಟೋ ಸಲ ಹೋದ ಬಸದಿ, ನಾನು ಒಮ್ಮೆಯೂ ಬಗ್ಗಿ ಅದನ್ನು ನೋಡಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಅಮ್ಮನ ಪ್ರಾಯದ ಒಬ್ಬ ಬಿಳಿಯ ಹೆಂಗಸು ಮಂಡಿ ಒತ್ತಿಕೊಂಡು ಕುಳಿತಿದ್ದರು, ಪಕ್ಕದಲ್ಲಿ ಕೋಲು. ಅಮ್ಮ ಹೋಗಿ ಬದಿಯಲ್ಲೇ ಕುಳಿತರು. ತಮ್ಮ ಮಂಡಿ ತೋರಿಸಿದರು. ಆ ಹೆಂಗಸು ಅವರದನ್ನು ತೋರಿಸಿದರು. ಮತ್ತೆ ಅಮ್ಮ ತಂಗಿಯ ಮಗಳನ್ನು ಕರೆದು, "ಹಡಗಿನಲ್ಲಿ ಮೆಟ್ಟಿಲು ಎಷ್ಟುಂಟು ಕೇಳು" ಎಂದರು. ಅವಳು ಕೇಳಿದಳು. ಮೆಟ್ಟಿಲು ಬೇಕಾದಷ್ಟಿದೆ, ಆದರೆ ನಾನು ಯಾವಾಗಲೂ ಲಿಫ್ಟಿನಲ್ಲೇ ಹೋಗುವುದು ಎಂದರಂತೆ ಆ ಹೆಂಗಸು.

ಅಮ್ಮ ನನ್ನ ಕಡೆ ತಿರುಗಿ ನೋಡಿದ ನೋಟ ನೀವು ನೋಡಬೇಕಿತ್ತು.

ಆಮೇಲೆ ಚೀಲದಿಂದ ಡಬ್ಬಿ ತೆಗೆದು ಅವರ ಕೈಗೆ ನಾಲ್ಕು ಚಕ್ಕುಲಿ ಇಟ್ಟರು. ಅವರು ಒಂದನ್ನು ಅಲ್ಲೇ ಮುರಿದು ತಿಂದು, ಉಳಿದದ್ದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು. ಗೈಡು ಕೈತಟ್ಟಿ ಕರೆದಾಗ ಕೋಲು ಊರಿಕೊಂಡು ಎದ್ದು ಬಸ್ಸು ಹತ್ತಿದರು. ಕಿಟಕಿಯಿಂದ ಕೈ ಬೀಸಿದರು.

"ಹಡಗಿಗೆ ಅಂತ ಮಾಡಿದ್ದು, ಹಡಗಿಗೇ ಹೋಯಿತು" ಎಂದು ಅಮ್ಮ ಡಬ್ಬಿಯ ಮುಚ್ಚಳ ಹಾಕಿದರು. ಉಳಿದದ್ದನ್ನು ನಾವು ಮೂರು ಮನೆಗೆ ಪಾಲು ಮಾಡಿಕೊಂಡೆವು. ಕೆಳಗಿನ ಮನೆಗೆಂದು ಒಂದು ಪೊಟ್ಟಣ ಅಮ್ಮ ಬೇರೆಯೇ ಕಟ್ಟಿಟ್ಟಿದ್ದರು.